ಅಕ್ಕನ ಮದಿವಿ ಸಿಡಿ, ಅವ್ವನ ಸಕ್ಕರಿ ಆರತಿ

ಮೊದಲ ಒಂದು ಸತ್ಯ ಹೇಳಿಬಿಡ್ತೇನಿ. ನಮ್ಮ ಅಕ್ಕನ ಮದಿವಿ ವಿಡಿಯೋ ಅಳಿಸಿದ್ದು ಸ್ಟುಡಿಯೋದವರಲ್ಲ, ನಾನು.

2009ರ ಮೇ ತಿಂಗಳು, ವಿಜಯಪುರದ ಬಿಸಲು ಗೊತ್ತಲ್ಲ, ಮಂಟಪದಾಗ ಅಕ್ಕಿಕಾಳು ಒಗಿಯೂ ಮಂದಿಗಿಂತ ಪತ್ರಿಕಿಲೆ ಗಾಳಿ ಹಾಕ್ಕೊಳೂ ಮಂದಿನ ಹೆಚ್ಚಿದ್ರು. ಮದಿವಿ ಆಗಿ ಎರಡು ತಿಂಗಳಿಗೆ ಸ್ಟುಡಿಯೋದವ್ರು ಒಂದು ಸಿಡಿ ಕೊಟ್ರು. ಸಿಡಿ ಅಂದ್ರ ಖರೇ ಡಿವಿಡಿ, ಆದ್ರ ನಮ್ಮಲ್ಲಿ ಎಲ್ಲಾನೂ ಸಿಡಿನ. ಅದನ್ನ ಮನಿ ಪ್ಲೇಯರಿಗೆ ಹಾಕಿದ್ರ ಓದಲೇ ಇಲ್ಲ, ಗಿರಗಿರ ತಿರಗಿ ‘ನೋ ಡಿಸ್ಕ್’ ಅಂತ ತೋರಸ್ತು. ಅಪ್ಪ ಸ್ಟುಡಿಯೋದವಂಗ ಫೋನ್‌ನಾಗ ಬೈದ್ರು, ಅವ "ಸಾಹೇಬ್ರ ನಮ್ಮ ಕಂಪ್ಯೂಟರಿನಾಗ ಬರತೈತ್ರಿ" ಅಂದ, ಅಲ್ಲಿಗೆ ಆ ಸಿಡಿ ತಿಜೂರಿ ಸೇರ್ತು. ಮುಂದ ಎರಡು ವರ್ಷಕ್ಕ ಮನಿಗೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಬಂತು, ನಾ ಪಿಯುಸಿ, ಹಾಡು ತುಂಬಿಕೊಳ್ಳಾಕ ಖಾಲಿ ಸಿಡಿ ಬೇಕಾಗಿತ್ತು, ಇದು ಹೆಂಗೂ ಕೆಟ್ಟೋದ ಸಿಡಿನ ಅಂತ ತಗೊಂಡು ಹಾಕಿದೆ, ನೀರೋ ಸಾಫ್ಟ್‌ವೇರ್ ‘ಅಳಿಸಲಾ?’ ಅಂತ ಕೇಳ್ತು, ಹೂಂ ಅಂದೆ. ನೋಡ್ರಿ, ಅಳಿಸಲಾ ಅಂತ ಕೇಳಿದಾಗರ ತಿಳೀಬೇಕಿತ್ತು, ಒಳಗ ಏನೋ ಐತಿ ಅಂತ.

ಈಗ ನಾ ಹೊಟ್ಟಿಪಾಡಿಗೆ ಮಾಡೂದು ಅದೇ ಸಿಡಿಯೊಳಗಿನ ವಸ್ತುವಿನ ಮ್ಯಾಲೆ ರಿಸರ್ಚ್. ಕರ್ಮ ಅಂದ್ರ ಇದ ಇರಬೇಕು.

ಸಾದಾ ಒಂದ್ಸಲ ಬರಿಯೂ ಡಿಸ್ಕಿನಾಗ ಇರೂದು ಒಂದು ನಮೂನಿ ಬಣ್ಣದ ಪದರ, ಲೇಸರ್ ಅದನ್ನ ಸುಡತೈತಿ, ಮುಗೀತು. ಅಳಿಸಿ ಬರಿಯೂ ಡಿಸ್ಕಿನಾಗ ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲುರಿಯಂ ಕೂಡಿಸಿದ ಮಿಶ್ರಲೋಹದ ತೆಳ್ಳನೆ ಪದರ ಇರತೈತಿ. ಲೇಸರ್ ಜೋರಾಗಿ ಬಡದ್ರ ಆ ಜಾಗ ಕರಗತೈತಿ, ಕರಗಿದ್ದು ಎಷ್ಟು ಗಡಾನ ಆರತೈತಿ ಅಂದ್ರ ಸೆಕೆಂಡಿಗೆ ನೂರು ಕೋಟಿ ಡಿಗ್ರಿ ಲೆಕ್ಕ, ಅಣುಗಳಿಗೆ ಸಾಲಾಗಿ ನಿಂದರಾಕ ಟೈಮೇ ಸಿಗೂದಿಲ್ಲ, ಹೆಂಗ ಚಲ್ಲಾಪಿಲ್ಲಿ ಇದ್ವು ಹಂಗ ಗಟ್ಟಿ ಆಗಿಬಿಡ್ತಾವು, ಗಾಜಿನಂಗ. ಆ ಜಾಗ ಮಬ್ಬು ಕಾಣತೈತಿ. ಅದ ಲೇಸರ್ ಸ್ವಲ್ಪ ಮೆಲ್ಲಕ, ಕರಗದಷ್ಟ ಕಾಸಿದ್ರ ಅಣುಗಳು ಸಾಲು ಹಿಡೀತಾವು, ಹರಳಾಗತೈತಿ, ಹೊಳಪು ಬರತೈತಿ. ಹೊಳಪು, ಮಬ್ಬು, ಹೊಳಪು, ಮಬ್ಬು, ಇಷ್ಟರಾಗ ಅಕ್ಕನ ಮದಿವಿ ಪೂರಾ ಇತ್ತು. ಮತ್ತ ಇಂಥ ಡಿಸ್ಕ್ ಒಟ್ಟಾರೆ ಸಾದಾ ಡಿಸ್ಕಿಗಿಂತ ಕಡಿಮಿ ಬೆಳಕು ವಾಪಸ್ ಕೊಡತೈತಿ, ಅದಕ್ಕ ಹಳೇ ಪ್ಲೇಯರಿಗೆ ಅದು ಕಾಣಲೇ ಇಲ್ಲ. ಸ್ಟುಡಿಯೋದವ ಅವತ್ತ ಕೈಗೆ ಸಿಕ್ಕದ್ದರಾಗ ಬರದು ಕೊಟ್ಟಿರಬೇಕು ಪಾಪ. ವಿಡಿಯೋ ಸರಿನ ಇತ್ತು.

ನನ್ನ ವಸ್ತು ಆ ಡಿಸ್ಕಿನ ವಸ್ತುವಿನ ದಾಯಾದಿ, ಜರ್ಮೇನಿಯಂ 2, ಆಂಟಿಮನಿ 2, ಟೆಲ್ಲುರಿಯಂ 5 ಪಾಲು, ಮೂರರ ಚಿಹ್ನೆ (Ge, Sb, Te) ಮೊದಲ ಅಕ್ಷರ ಕೂಡಿಸಿ ನಾವು ಜಿಎಸ್‌ಟಿ ಅಂತೀವಿ. ಈ ಹೆಸರಿನಿಂದ ಆದ ತಾಪತ್ರಯ ಬ್ಯಾರೆನ ಬರೀಬೇಕು. ಊರಾಗ ನಮ್ಮ ಕಿರಾಣಿ ಅಂಗಡಿ ಮಾವ "ಜಿಎಸ್‌ಟಿ ಮ್ಯಾಲೆ ಪಿಎಚ್‌ಡಿ ಮಾಡಾಕತ್ತಾಳ, ರಿಟರ್ನ್ ಫೈಲ್ ಮಾಡಿಕೊಡತಾಳ" ಅಂತ ಗಿರಾಕಿಗಳಿಗೆ ಹೇಳ್ಯಾನ.

ಹೋದ ಗೌರಿ ಹುಣ್ಣಿವಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡದು ಊರಿಗೆ ಬಂದಿದ್ದೆ. ಅವ್ವ ಸಕ್ಕರಿ ಆರತಿ ಮಾಡಾಕ ಕುಂತಿದ್ಲು. ಕಟಗಿ ಅಚ್ಚು ಹಿಂದಿನ ರಾತ್ರಿನ ನೀರಾಗ ನೆನಿ ಹಾಕಿ, ಎರಡು ಹೋಳು ಕೂಡಿಸಿ ದಾರ ಸುತ್ತಿ ಸಾಲಾಗಿ ನಿಂದರಿಸಿದ್ಲು, ನವಿಲು, ಬಸವಣ್ಣ, ಗಿಳಿ, ಗೋಪುರ. ಸಕ್ಕರಿ ಕುದಿಸಿ, ಹಾಲು ಹಾಕಿ ಹೊಲಸು ತಗದು, ಸೋಸಿ ಇಟ್ಟಿದ್ಲು. ಅದರಾಗ ಸ್ವಲ್ಪ ಸ್ವಲ್ಪ ಸಣ್ಣ ಪಾತೇಲಿಗೆ ಹಾಕ್ಕೊಂಡು ಎಳಿ ಬರೂತನ ಕಾಸೂದು, ಆಮ್ಯಾಲೆ ಕಟಗಿ ಸೌಟಿಲೆ ಪಾತೇಲಿ ಬದಿಗೆ ಹಚ್ಚಿ ತಿಕ್ಕೂದು. ತಿಕ್ಕಿದಂಗ ತಿಕ್ಕಿದಂಗ ನೀರಿನಂಗ ತಿಳಿ ಇದ್ದ ಪಾಕ ಒಮ್ಮಿಲೆ ಹಾಲಿನಂಗ ಬೆಳ್ಳಗಾಗತೈತಿ, ಆ ಗಳಿಗಿಗೆ ಅಚ್ಚಿಗೆ ಹೊಯ್ಯಬೇಕು.

ನಂಗ ಗಡಿಬಿಡಿ. ತಿಕ್ಕಲಾರದ ಹೊಯ್ದೆ. ಗಿಳಿ ಅಚ್ಚಿನಾಗ ಪಾಕ ಅಂಟಂಟಾಗಿ ಕುಂತುಬಿಟ್ತು, ಗಾಜಿನಂಗ ಆಚೆ ಕಡಿ ಕಾಣೂವಂಗ, ಬಿಡಿಸಾಕ ಹೋದ್ರ ಕುತ್ತಿಗಿ ಮುರೀತು. ಅವ್ವ "ಸಾಲಿ ಕಲ್ತಾಳಂತ, ಕಾಳು ಕಟ್ಟದ ಹೊಯ್ತಾಳ" ಅಂದ್ಲು.

ಕಾಳು ಕಟ್ಟೂದು! ನಾ ಐದು ವರ್ಷದಿಂದ ನ್ಯೂಕ್ಲಿಯೇಷನ್ ನ್ಯೂಕ್ಲಿಯೇಷನ್ ಅಂತ ಹೇಳಕೋತ ಬಂದದ್ದಕ್ಕ ಅವ್ವನ ಹತ್ರ ಎರಡು ಶಬ್ದ ಇದ್ವು. ತಿಕ್ಕಿದಾಗ ಸಣ್ಣ ಸಣ್ಣ ಹರಳಿನ ಬೀಜ ಹುಟ್ಟತಾವು, ಉಳದ ಸಕ್ಕರಿ ಅವಕ್ಕ ಹತ್ತಿಕೋತ ಹೋಗತೈತಿ. ಹಂಗಾರ ಕಾಳು ಕಟ್ಟಬಾರದು ಅಂದ್ರ ಏನ್ ಮಾಡ್ತಿ ಅಂತ ಕೇಳಿದೆ. "ಜಿಲೇಬಿ ಪಾಕಕ್ಕ ನಾಕು ಹನಿ ಲಿಂಬಿಹಣ್ಣು ಹಿಂಡತೀವಲ್ಲ." ಲಿಂಬಿ ಹುಳಿಗೆ ಸಕ್ಕರಿ ಸ್ವಲ್ಪ ಒಡದು ಬ್ಯಾರೆ ಎರಡು ಸಕ್ಕರಿ ಆಗತಾವು, ಅವು ಸಾಲಿನಾಗ ಅಡ್ಡಗಾಲು ಹಾಕ್ತಾವು, ಹರಳಾಗಾಕ ಬಿಡೂದಿಲ್ಲ. ನಾವೂ ಜಿಎಸ್‌ಟಿಗೆ ಚೂರು ನೈಟ್ರೋಜನ್ನೋ ಕಾರ್ಬನ್ನೋ ಬೆರಸ್ತೀವಿ, ಬೇಕಿಲ್ಲದಾಗ ತಾನ ಹರಳಾಗಬಾರದು ಅಂತ. ಸಾದಾ ಜಿಎಸ್‌ಟಿ ಸುಮಾರು 150 ಡಿಗ್ರಿಗೇ ಹರಳು ಕಟ್ಟಾಕ ಸುರು ಮಾಡತೈತಿ, ಬೆರಸಿದ್ದು ಇನ್ನೂ ಮ್ಯಾಲೆ ಹೋಗೂತನ ತಡೀತೈತಿ.

ಆದ್ರ ಸಕ್ಕರಿ ಲೆಕ್ಕ ಇಲ್ಲಿಗೆ ನಿಂದರತೈತಿ, ಮುಂದ ಜಗ್ಗಿದ್ರ ಸುಳ್ಳಾಗತೈತಿ. ಸಕ್ಕರಿ ಬೆಳ್ಳಗಾಗೂದು ಸಾವಿರಾರು ಸಣ್ಣ ಹರಳಿಗೆ ಬಡದು ಬೆಳಕು ಚದರೂದ್ರಿಂದ, ಸಕ್ಕರಿ ಒಳಗಿಂದ ಭಾಳ ಏನೂ ಬದಲಾಗಿರೂದಿಲ್ಲ. ಸಾಮಾನ್ಯ ವಸ್ತುಗಳೆಲ್ಲ ಹಿಂಗ. ಕ್ವಾರ್ಟ್ಜ್ ಹರಳಿನ ವಕ್ರೀಭವನ ಸೂಚ್ಯಂಕ, ಅಂದ್ರ ಒಳಗ ಹೊಕ್ಕ ಬೆಳಕು ಎಷ್ಟು ಬಾಗತೈತಿ ಅನ್ನೂ ಅಳತಿ, 1.54, ಅದನ್ನ ಕರಗಿಸಿ ಗಾಜು ಮಾಡಿದ್ರ 1.46, ಎಷ್ಟು ಫರಕು ಬಿತ್ತು? ಜಿಎಸ್‌ಟಿದು ಇನ್ಫ್ರಾರೆಡ್ ಬೆಳಕಿನಾಗ ಗಾಜಿನ ರೂಪದಾಗ 4ರ ಆಸುಪಾಸು, ಹರಳಾದ ಕೂಡಲೆ 6 ದಾಟತೈತಿ. ಹರಳಾದಾಗ ಎಲೆಕ್ಟ್ರಾನುಗಳು ಒಂದು ಬಂಧಕ್ಕ ಕಟ್ಟಿಹಾಕಿಸ್ಕೊಳ್ಳದ ಸುತ್ತಿನ ಅಣುಗಳ ನಡುವ ಹಂಚಿಕೊಂಡು ಇರತಾವು, ಬೆಳಕು ಬಂದ್ರ ಅವು ಕುಣಿಯೂ ರೀತಿನ ಬ್ಯಾರೆ. ಇದನ್ನ ಅವ್ವಗ ಹೇಳಾಕ ಹೋಗಲಿಲ್ಲ, ಪಾಕ ಕೆಡತಿತ್ತು.

ಈ ದಾರಿ ತೋರಿಸಿದ ಸ್ಟ್ಯಾನ್‌ಫರ್ಡ್ ಓವ್ಶಿನ್ಸ್‌ಕಿ ಅನ್ನೂ ಮನಷ್ಯಾ ಕಾಲೇಜೇ ಓದಿದಾವಲ್ಲ. ಅಮೆರಿಕದ ಓಹಾಯೋದ ಏಕ್ರನ್ ಊರಾವ, ಅಪ್ಪ ಗುಜರಿ ಲೋಹ ಕೂಡಿಸಾವ, ಇವ ಲೇಥ್ ಮಶೀನ್ ಮ್ಯಾಲೆ ಕೆಲಸ ಮಾಡಿದಾವ. ಗಾಜಿನಂಥ ಈ ವಸ್ತುಗಳು ಸ್ವಿಚ್ಚಿನಂಗ ಆ ಕಡಿ ಈ ಕಡಿ ಹೊರಳತಾವು ಅಂತ 1968ರಾಗ ಪೇಪರ್ ಬರದ. ನಂಗ ಪಿಎಚ್‌ಡಿ ಫೆಲೋಶಿಪ್ ತಡಾ ಆದಾಗೆಲ್ಲಾ ಇವನ್ನ ನೆನಸ್ಕೋತೇನಿ, ಸಮಾಧಾನೂ ಆಗತೈತಿ ಸಿಟ್ಟೂ ಬರತೈತಿ.

ನನ್ನ ಕೆಲಸ ಬಣ್ಣದ್ದು. 2014ರಾಗ ಆಕ್ಸ್‌ಫರ್ಡಿನ ಹರೀಶ್ ಭಾಸ್ಕರನ್ ಅವರ ತಂಡ 7 ನ್ಯಾನೋಮೀಟರ್ ಜಿಎಸ್‌ಟಿಯನ್ನ ಎರಡು ಪಾರದರ್ಶಕ ಪದರದ ನಡುವ ಇಟ್ಟು, ಒಂದು ಹನಿ ಬಣ್ಣ ಹಾಕದ ಬಣ್ಣ ತರಸಿ, ಅದನ್ನ ಕರೆಂಟಿಲೆ ಬದಲಿ ಮಾಡಿ ತೋರಿಸ್ತು. ಕೂದಲಿನ ದಪ್ಪದಾಗ ಅಂಥಾವು ಹತ್ತು ಸಾವಿರ ಹಿಡಿಸ್ತಾವು. ಮಳಿ ಬಂದಾಗ ಗಾಂಧಿ ಚೌಕಿನಾಗ ನೀರಿನ ಮ್ಯಾಲೆ ಪೆಟ್ರೋಲ್ ಬಿದ್ದು ನವಿಲಗರಿ ಬಣ್ಣ ಬರತೈತಲ್ಲ, ಅದ ಲೆಕ್ಕ, ಪದರದ ದಪ್ಪ ಬದಲಾದ್ರ ಬಣ್ಣ ಬದಲಿ, ಜಿಎಸ್‌ಟಿ ಗಾಜಿನಿಂದ ಹರಳಾದ್ರೂ ಬದಲಿ. ಕಳೆದ ವರ್ಷ ನಾ ಇಂಥದ ಒಂದು ಸ್ಯಾಂಪಲ್ ಮಾಡಿ ಶುಕ್ರವಾರ ಸಂಜೀಕ ಮ್ಯಾಲಿನ ಕವಚದ ಪದರ ಹಾಕದ ಬಿಟ್ಟೆ, ಸೋಮವಾರ ಹಾಕಿದ್ರಾತು ಅಂತ. ಎರಡು ವಾರ ಅಳದೆ ಅಳದೆ, ಬಣ್ಣ ಬದಲಾಗವಲ್ದು. 7 ನ್ಯಾನೋಮೀಟರಿನಾಗ ಮ್ಯಾಲಿನ ಎರಡು ಮೂರು ಗಾಳಿ ತಿಂದು ಆಕ್ಸೈಡ್ ಆಗಿತ್ತು. ಅಲ್ಲೂ ಗಡಿಬಿಡಿ, ಅಚ್ಚಿನಾಗೂ ಗಡಿಬಿಡಿ.

ಅಪ್ಪ ಕೇಳಿದ್ದು ಒಂದ ಪ್ರಶ್ನೆ, "ಮಾಳಿಗಿ ಮ್ಯಾಲಿನ ತಗಡಿನ ಖೋಲಿ ತಂಪಾಗತೈತೇನ ಇದರಿಂದ?" ಅದಕ್ಕ ಬ್ಯಾರೆ ವಸ್ತು ಐತಿ, ವನೇಡಿಯಂ ಡೈಆಕ್ಸೈಡ್, 68 ಡಿಗ್ರಿ ದಾಟಿದ್ರ ಲೋಹದಂಗ ಆಗಿ ಶಾಖದ ಬೆಳಕನ್ನ ತಡೀತೈತಿ, ಕೆಳಗ ಇಳದ್ರ ಬಿಡತೈತಿ, ಟಂಗ್‌ಸ್ಟನ್ ಬೆರಸಿದ್ರ 68 ಅನ್ನೂದು ನಮ್ಮ ಬ್ಯಾಸಗಿ ಮಟ್ಟಕ್ಕ ಇಳೀತೈತಿ. ಕಿಟಕಿ ಗಾಜಿಗೆ ಹಚ್ಚಾಕ ನೋಡಾಕತ್ತಾರ, ಆದ್ರ ಗಾಜು ಚಾದ ಬಣ್ಣ ತಿರಗತೈತಿ. "ನಮ್ಮ ಖೋಲಿಗೆ ಕಿಟಕಿನ ಇಲ್ಲಲ್ಲ" ಅಂದ್ರು ಅಪ್ಪ. ಸುಣ್ಣ ಬಳಸ್ರಿ ಅಂದೆ.

ಅಕ್ಕ ಅವತ್ತ ಮಕ್ಕಳನ್ನ ಕರಕೊಂಡು ಬಂದಿದ್ಲು. ಕುತ್ತಿಗಿ ಮುರದ ಗಿಳಿ ಅಕ್ಕನ ಮಗಳು ಕಡಕಡ ತಿಂದ್ಲು. ತಿಜೂರಿ ಸ್ವಚ್ಛ ಮಾಡುವಾಗ ಆ ಸಿಡಿ ಸಿಕ್ತು, ಮ್ಯಾಲೆ ಸ್ಕೆಚ್ ಪೆನ್ನಿಲೆ ಬರದ ಅಕ್ಕ ಮಾವನ ಹೆಸರು ಇನ್ನೂ ಹಂಗ ಐತಿ. "ನಿಮ್ಮ ಲ್ಯಾಬಿನಾಗ ಹಾಕಿ ನೋಡ, ಒಳಗ ಏನರ ಉಳದೈತೇನ" ಅಂತ ಕೊಟ್ಲು. ಮ್ಯಾಲೆ ಮತ್ತೊಮ್ಮಿ ಬರದ ಮ್ಯಾಲೆ ಏನೂ ಉಳದಿರೂದಿಲ್ಲ ಅಂತ ನಂಗ ಗೊತ್ತು, ಆದ್ರೂ ಬ್ಯಾಗಿನಾಗ ಹಾಕ್ಕೊಂಡು ಬಂದೆ. ಈ ಬರಹದ ಲಿಂಕ್ ಮನಿ ಗ್ರೂಪಿಗೆ ಹಾಕಲೋ ಬ್ಯಾಡೋ ಅಂತ ಮುಂಜಾನಿಯಿಂದ ವಿಚಾರ ಮಾಡಾಕತ್ತೇನಿ. ಒಳಗ ಏನ್ ಉಳದೈತಿ ಅಂದ್ರ ನನ್ನ ಪಿಯುಸಿ ಕಾಲದ 112 ಹಾಡು.