ಟ್ಯಾಂಕ್ ಗೇಮಿಗೆ ನಾನು ಹಾಕಿದ ತಪ್ಪು ಕಾರ್ಡ್

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ರಿಪೇರಿ ಮಾಡುತ್ತೇನೆ, ಹೊಸ ಸಿಸ್ಟಮ್ ಜೋಡಿಸಿ ಕೊಡುತ್ತೇನೆ. ಗೇಮಿಂಗ್ ಸಿಸ್ಟಮ್ ಬೇಕು ಅಂತ ಯಾರೇ ಬಂದರೂ ಬಹಳ ವರ್ಷ ನನ್ನ ಲೆಕ್ಕ ಒಂದೇ ಇತ್ತು. ಇರುವ ದುಡ್ಡಿನಲ್ಲಿ ಅರ್ಧ, ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ, ಉಳಿದದ್ದು ಮಿಕ್ಕ ಸಾಮಾನಿಗೆ. ಕಾಲೇಜು ಹುಡುಗರು ಆಡುವ ಗೇಮುಗಳಿಗೆ ಅದು ಸರಿಯಾಗಿಯೇ ನಡೆಯುತ್ತಿತ್ತು.

ಆ ಲೆಕ್ಕ ಕೈಕೊಟ್ಟದ್ದು ಜೇವರ್ಗಿ ಕಡೆಯ ಒಬ್ಬ ನಿವೃತ್ತ ಸೈನಿಕರ ವಿಷಯದಲ್ಲಿ. ಸೇನೆಯಲ್ಲಿ ಟಿ-72 ಟ್ಯಾಂಕ್ ಓಡಿಸಿದವರು. ನಾನು ಅವರನ್ನು ಕಾಕಾ ಅಂತ ಕರೆಯುತ್ತೇನೆ. ಮಗ ಬಿಟ್ಟುಹೋದ ಸಿಸ್ಟಮಿನಲ್ಲಿ ಟ್ಯಾಂಕ್ ಸಿಮ್ಯುಲೇಟರ್, ಅಂದರೆ ನಿಜವಾದ ಟ್ಯಾಂಕನ್ನೇ ಓಡಿಸಿದಂತೆ ಅನ್ನಿಸುವ ಆಟ, ಹಾಕಿಕೊಂಡು ದಿನಾ ಸಂಜೆ ಆಡುತ್ತಿದ್ದರು. ಆಟದೊಳಗಿನ ಸಣ್ಣ ಕಾರ್ಯಾಚರಣೆ, ಅಂದರೆ ಮಿಷನ್, ಚೆನ್ನಾಗಿ ಓಡುತ್ತಿತ್ತು. ದೊಡ್ಡ ಯುದ್ಧದ ಮಿಷನ್ ಹಾಕಿದರೆ ಚಿತ್ರ ತಡವರಿಸುತ್ತಿತ್ತು. ನಾನು ಡಬ್ಬಿ ಬಿಚ್ಚಿ ನೋಡಿ, ಕಾರ್ಡ್ ಹಳೆಯದು ಅಂದೆ. ಹೊಸದು ಹಾಕಿ ಕಳಿಸಿದೆ. ಅದು ಅವರ ಪೆನ್ಷನ್ ದುಡ್ಡು.

ನಾಲ್ಕು ದಿನಕ್ಕೆ ಸಿಪಿಯು ಡಬ್ಬಿಯನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ವಾಪಸ್ ಬಂದರು.

"ತಮ್ಮಾ, ಹುಲ್ಲು ಭಾಳ ಚಂದ ಕಾಣ್ತದ. ಗಾಡಿ ಮಾತ್ರ ಮೊದಲಿನಂಗೇ ನಿಂತು ನಿಂತು ಹೋಗ್ತದ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆಯನ್ನು ಆವತ್ತು ಮಾಡಿದೆ. ಅವರದೇ ದೊಡ್ಡ ಮಿಷನ್ ಓಡಿಸಿ, ರೆಸಲ್ಯೂಷನ್ 1920×1080 ಇದ್ದದ್ದನ್ನು 1280×720ಕ್ಕೆ ಇಳಿಸಿದೆ. ಬಿಡಿಸಬೇಕಾದ ಚುಕ್ಕಿಗಳು ಅರ್ಧಕ್ಕಿಂತ ಕಡಿಮೆಯಾದವು. ಕಾರ್ಡಿಗೆ ಭಾರ ಆಗುತ್ತಿದ್ದರೆ ಆಟ ಹಗುರವಾಗಬೇಕಿತ್ತು, ಅಲ್ವಾ? ಸೆಕೆಂಡಿಗೆ 22 ಫ್ರೇಮ್, ಅಂದರೆ ಚಿತ್ರ, ಬರುತ್ತಿದ್ದದ್ದು 23 ಆಯಿತು, ಅಷ್ಟೇ. ಅಂದರೆ ಕಾರ್ಡ್ ಕೆಲಸವಿಲ್ಲದೆ ಸುಮ್ನೆ ಕೂತಿತ್ತು. ತಡವಾಗುತ್ತಿದ್ದದ್ದು ಆಟದ ಲೆಕ್ಕವೆಲ್ಲ ಮಾಡುವ ಪ್ರೊಸೆಸರಿನಲ್ಲಿ. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್, ಒಟ್ಟು ಬಳಕೆ ಶೇಕಡಾ 30 ಅನ್ನುತ್ತಿತ್ತು. ನಾನು ಮೊದಲು ಮೋಸ ಹೋದದ್ದು ಅದನ್ನು ನೋಡಿಯೇ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಭಾಗಗಳಾದ ಕೋರ್‌ಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಒಂದು ಕೋರ್ ಪೂರ್ತಿ ತುಂಬಿತ್ತು, ಉಳಿದವು ಹೆಚ್ಚುಕಡಿಮೆ ಖಾಲಿ.

ಪ್ರೊಸೆಸರಿಗೆ ಅಷ್ಟು ಕೆಲಸ ಎಲ್ಲಿಂದ ಬರುತ್ತದೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಟಿ-72ಕ್ಕೆ ಒಂದೊಂದು ಬದಿಗೆ 6ರಂತೆ 12 ಗಾಲಿಗಳು, ಅವುಗಳ ಸುತ್ತ ಚೈನ್. ಒಳ್ಳೆಯ ಸಿಮ್ಯುಲೇಟರ್ ಒಂದೊಂದು ಗಾಲಿಯ ಕೆಳಗೂ ನೆಲ ಎಷ್ಟು ಎತ್ತರ ಇದೆ, ಮಣ್ಣು ಗಟ್ಟಿಯೋ ಮೆತ್ತಗೋ ಅಂತ ನೋಡುತ್ತದೆ. ಸೆಕೆಂಡಿಗೆ 60 ಸಲ ನೋಡಿದರೆ ಒಂದು ಟ್ಯಾಂಕಿಗೆ 720 ಸಲ. ಮಿಷನ್ನಿನಲ್ಲಿ 30 ಟ್ಯಾಂಕ್ ಇದ್ದರೆ 21,600. ಇದು ಬರೀ ನಡಿಗೆಯ ಲೆಕ್ಕ.

ಗುಂಡಿನದು ಬೇರೆ. ಸೆಕೆಂಡಿಗೆ 1,700 ಮೀಟರ್ ಹೋಗುವ ಗುಂಡು, 60 ಫ್ರೇಮಿನ ಆಟದಲ್ಲಿ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 28 ಮೀಟರ್ ದಾಟಿರುತ್ತದೆ. ಟ್ಯಾಂಕಿನ ಮೈ ಸುಮಾರು 7 ಮೀಟರ್ ಉದ್ದ. ಗುಂಡು ಈಗ ಎಲ್ಲಿದೆ ಅಂತ ಮಾತ್ರ ನೋಡಿದರೆ ಅದು ಎದುರಿನ ಟ್ಯಾಂಕನ್ನು ಮುಟ್ಟದೆಯೇ ಆಚೆ ಹೋಗಿಬಿಡುತ್ತದೆ. ಅದಕ್ಕೆ ನಡುವಿನ ದಾರಿಯನ್ನೂ ಹುಡುಕಬೇಕು. ತಗುಲಿದ ಮೇಲೆ ಎಷ್ಟು ಓರೆಯಾಗಿ ತಗುಲಿತು ಅಂತ ನೋಡಬೇಕು. ಎರಡನೇ ಮಹಾಯುದ್ಧದ ಟಿ-34ರ ಮುಂದಿನ ಉಕ್ಕು 45 ಮಿಲಿಮೀಟರ್ ದಪ್ಪ. ಅದು ನೆಟ್ಟಗೆ ನಿಲ್ಲದೆ 60 ಡಿಗ್ರಿ ಹಿಂದಕ್ಕೆ ಓರೆಯಾಗಿ ಕೂತಿರುವುದರಿಂದ ನೇರ ಬರುವ ಗುಂಡು 90 ಮಿಲಿಮೀಟರ್ ಉಕ್ಕನ್ನು ದಾಟಬೇಕು. ವರ್ಲ್ಡ್ ಆಫ್ ಟ್ಯಾಂಕ್ಸ್‌ನಲ್ಲಿ ಗುಂಡು ಒಳಹೊಕ್ಕರೆ ಮುಖ್ಯವಾಗಿ ಟ್ಯಾಂಕಿನ ಜೀವದ ಅಂಕಿ ಇಳಿಯುತ್ತದೆ. ಸಿಮ್ಯುಲೇಟರ್ ಅಂಥ ಅಂಕಿಯನ್ನು ನಂಬದೆ, ಒಳಗೆ ಯಾರಿಗೆ ತಗುಲಿತು, ಎಂಜಿನ್ ಕೆಟ್ಟಿತಾ, ಮದ್ದುಗುಂಡಿಗೆ ಬೆಂಕಿ ಬಿತ್ತಾ ಅಂತ ಹುಡುಕುತ್ತದೆ. ಈ ಯಾವುದೂ ಪರದೆ ಮೇಲೆ ಚಂದ ಕಾಣುವ ಕೆಲಸ ಅಲ್ಲ. 2000ದಲ್ಲಿ ಬಂದ ಸ್ಟೀಲ್ ಬೀಸ್ಟ್ಸ್ ಎಂಬ ಟ್ಯಾಂಕ್ ಸಿಮ್ಯುಲೇಟರ್ ನೋಡಲು ತೀರಾ ಸಾದಾ. ಆದರೂ ಮುಂದೆ ಅದರ ಪ್ರೊ ಆವೃತ್ತಿಯನ್ನು ಹಲವು ದೇಶಗಳ ಸೇನೆಗಳು ತರಬೇತಿಗೆ ಇಟ್ಟುಕೊಂಡವು.

ಕಾರ್ಡಿನ ಕೆಲಸ ಏನೂ ಇಲ್ಲ ಅಂತಲ್ಲ. ಹೊಗೆ, ಧೂಳು ಎದ್ದಾಗ ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ಬಿಡಿಸುವುದು ಕಾರ್ಡೇ. ಹೊಗೆ ಎದ್ದಾಗ ಮಾತ್ರ ನಿಧಾನವಾದರೆ ನಾನು ಈಗಲೂ ಕಾರ್ಡನ್ನೇ ಮೊದಲು ಅನುಮಾನಿಸುತ್ತೇನೆ.

ಕಾಕಾರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮಗೆ ಆಟದಲ್ಲಿ ಏನು ನಿಜ ಅನ್ನಿಸಬೇಕು ಅಂತ ಕೇಳಿದೆ. ಅಷ್ಟು ವರ್ಷದಲ್ಲಿ ಯಾವ ಗಿರಾಕಿಗೂ ಈ ಪ್ರಶ್ನೆ ಕೇಳಿರಲಿಲ್ಲ. ಅವರು ಚಿತ್ರದ ಮಾತೇ ಎತ್ತಲಿಲ್ಲ. 41 ಟನ್ನಿನ ಗಾಡಿ ಬ್ರೇಕ್ ಹಾಕಿದರೆ ಮೂಗು ತಗ್ಗಿಸಬೇಕು ಅಂದರು. 125 ಮಿಲಿಮೀಟರ್ ತೋಪು ಹಾರಿದರೆ ಇಡೀ ಮೈ ಹಿಂದಕ್ಕೆ ತೂಗಬೇಕು. ಆಮೇಲೆ ಮಣ್ಣು. "ನಮ್ಮ ಎರಿ ಹೊಲದಾಗ ಮಳಿ ಬಿದ್ದ ಮರುದಿನ ಟ್ರ್ಯಾಕ್ಟರ್ ಇಳಿಸಿ ನೋಡು. ಕೆಸರಿನಾಗ ಟ್ಯಾಂಕು ಡಾಂಬರ್ ರೋಡಿನಂಗ ಓಡಿದ್ರ ಅದೇನು ಟ್ಯಾಂಕು?"

ಅವರಿಗೆ ಬೇಕಾದ ನಿಜವೆಲ್ಲ ಪ್ರೊಸೆಸರ್ ಮಾಡುವ ಕೆಲಸದಲ್ಲಿತ್ತು. ನಾನು ದುಡ್ಡು ಹಾಕಿಸಿದ್ದು ಹುಲ್ಲಿಗೆ.

ಕಾರ್ಡನ್ನು ಕೊಟ್ಟ ಬೆಲೆಗೇ ವಾಪಸ್ ತೆಗೆದುಕೊಂಡೆ. ಹಳೇ ಕಾರ್ಡ್ ಮತ್ತೆ ಕೂರಿಸಿ, ಒಂದೊಂದು ಕೋರ್ ಜೋರಾಗಿರುವ ಪ್ರೊಸೆಸರ್, ಅದಕ್ಕೆ ಹೊಂದುವ ಮದರ್‌ಬೋರ್ಡ್, ರ‍್ಯಾಮ್ ಹಾಕಿದೆ. ಆಟದ ಸೆಟ್ಟಿಂಗಿನಲ್ಲಿ ನೆರಳು, ಹುಲ್ಲು ಕಡಿಮೆ ಮಾಡಿದೆ. ದೂರದ ನೋಟಕ್ಕೆ ಮಾತ್ರ ಕೈ ಹಚ್ಚಲಿಲ್ಲ. ತೋಪಿನ ದುರ್ಬೀನಿನಲ್ಲಿ 2,000 ಮೀಟರ್ ಆಚೆಯ ಗುರಿ ಕಾಣದಿದ್ದರೆ ಆ ಆಟ ಯಾಕೆ ಬೇಕು? ಬಿಸಿಲಿನ ವಿಷಯವೂ ಇದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕಾದ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ಅದಕ್ಕೆ ದೊಡ್ಡ ಕೂಲರ್ ಹಾಕಿದೆ. ಧೂಳು ತೆಗೆಯುವುದನ್ನು ಅವರಿಗೇ ಕಲಿಸಿದೆ.

ಅದೇ ದೊಡ್ಡ ಮಿಷನ್ ಈಗ ಸೆಕೆಂಡಿಗೆ 45 ಫ್ರೇಮಿನ ಮೇಲೆ ನಿಂತಿತು. ಕಾಕಾ ಅಂಗಡಿಯಲ್ಲೇ ಆಡಲು ಕೂತರು. ಹಳ್ಳದ ಪಕ್ಕದ ಕೆಸರಿಗೆ ಬೇಕಂತಲೇ ಇಳಿಸಿದರು. ಟ್ಯಾಂಕ್ ನಿಧಾನವಾಯಿತು, ನಿಂತಿತು. "ಹೂತಿತು ನೋಡು!" ಅಂತ ಜೋರಾಗಿ ಕೂಗಿದರು. ಚಾರ್ಜರ್ ಕೊಳ್ಳಲು ಬಂದಿದ್ದ ಹುಡುಗ ತಿರುಗಿ ನೋಡಿದ. ಹೀಗೆ ಹೂತಾಗ ಗಾಡಿ ತಿರುಗಿಸಬಾರದು, ಚೈನ್ ಕಳಚುತ್ತದೆ, ಬಂದ ಜಾಡಿನ ಮೇಲೆಯೇ ಹಿಂದಕ್ಕೆ ತೆಗೆಯಬೇಕು ಅಂತ ಹೇಳುತ್ತಾ, ಒಂದೊಂದೇ ಅಡಿ ಹಿಂದಕ್ಕೆ ಸರಿಸಿದರು. ಆ ಹುಡುಗನೂ ನಾನೂ ಗಾಡಿ ಮೇಲೆ ಬರುವ ತನಕ ನಿಂತು ನೋಡಿದೆವು.