ಅಬಿಂಗ್ಡನ್ ಗಾಡಿಗೆ ಕಲಬುರಗಿ ಉಸ್ತಾದ್

ಇಂಗ್ಲೆಂಡಿನಲ್ಲಿ ಹಳೇ ಕಾರ್ ಸಾಕೋದು ದೊಡ್ಡ ಹುಚ್ಚು. ರವಿವಾರ ಬಿಸಿಲು ಬಿದ್ದರೆ ಸಾಕು, ಯಾರಾದರೊಬ್ಬರ ಮನೆ ಮುಂದೆ ಬಾನೆಟ್ ಎದ್ದಿರುತ್ತೆ, ಒಬ್ಬ ನಿವೃತ್ತ ಯಜಮಾನರು ಅದರೊಳಗೆ ತಲೆ ಹಾಕಿರುತ್ತಾರೆ. ಆಕ್ಸ್‌ಫರ್ಡ್ ಹತ್ತಿರ ಮನೆ ಮಾಡಿದ ಮೇಲೆ ಈ ಹುಚ್ಚು ನನಗೂ ಹತ್ತಿತು. ನಾನು ತಗೊಂಡಿದ್ದು 1970ರ ಎಂಜಿಬಿ ಜಿಟಿ, ಅಂದರೆ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರ್. ಎಂಜಿಬಿ ಗಾಡಿಗಳು ಇಲ್ಲೇ ಪಕ್ಕದ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾಗುತ್ತಿದ್ದವು. ಎಷ್ಟು ಕೊಟ್ಟೆ ಅಂತ ಕೇಳಬೇಡಿ, ಮನೆಯವರೂ ಇದನ್ನ ಓದ್ತಾರೆ.

ಜಾಹೀರಾತಿನಲ್ಲಿ 'ಪ್ರಾಜೆಕ್ಟ್ ಕಾರ್' ಅಂತ ಬರೆದಿದ್ದರು. ಅಂದರೆ ಯಾರೋ ಅರ್ಧ ಬಿಚ್ಚಿ, ಬೇಸತ್ತು ಬಿಟ್ಟ ಗಾಡಿ. ಜೊತೆಗೆ ಬಿಸ್ಕೆಟ್ ಡಬ್ಬಿಗಳ ತುಂಬ ನಟ್ಟು ಬೋಲ್ಟು. ಯಾವುದು ಎಲ್ಲಿಗೆ ಅಂತ ದೇವರೇ ಹೇಳಬೇಕು.

ಕಲಬುರಗಿಯವರಿಗೆ ಇದರಲ್ಲೇನು ಸಂಬಂಧ ಅಂತೀರಾ? ಬಾನೆಟ್ ಎತ್ತಿದರೆ ಒಳಗಿರೋದು ನಮ್ಮ ಅಂಬಾಸಿಡರ್ ಇಂಜಿನ್‌ನ ಖಾಸಾ ತಮ್ಮ. ಎರಡೂ ಬಿಎಂಸಿಯ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ-ಸೀರೀಸ್ ಇಂಜಿನ್ನೇ. ಅಂಬಾಸಿಡರ್‌ದು 1489 ಸಿಸಿ, ಇದು 1798. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ಉದ್ದ, ಎರಡಕ್ಕೂ 88.9 ಮಿಲಿಮೀಟರ್. ಬೋರ್, ಅಂದರೆ ಸಿಲಿಂಡರಿನ ಅಗಲ, ಮಾತ್ರ 73ರಿಂದ 80ಕ್ಕೆ ಬೆಳೆದಿದೆ. ಸಿಲಿಂಡರ್‌ಗಳಲ್ಲಿ ಕಿಡಿ ಬೀಳುವ ಸರದಿ (ಫೈರಿಂಗ್ ಆರ್ಡರ್) ಅದೇ 1-3-4-2. ಅಂಬಾಸಿಡರ್ ಅಂದರೆ ಮೂಲದಲ್ಲಿ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ತಾನೇ. ಅದು ಹುಟ್ಟಿದ ಕೌಲಿ ನಮ್ಮ ಮನೆಯಿಂದ ದೂರವಿಲ್ಲ. ಈಗ ಅಲ್ಲಿ ಮಿನಿ ಕಾರ್ ಮಾಡ್ತಾರೆ. ಇಲ್ಲಿ ಆಕ್ಸ್‌ಫರ್ಡ್ ಸೀರೀಸ್ 3 ನಿಂತಿದ್ದು 1959ರಲ್ಲಿ. ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಅಂಬಾಸಿಡರ್ 2014ರವರೆಗೂ ಬಂತು.

ಕಲಬುರಗಿ ಇನ್ನೂ ಗುಲ್ಬರ್ಗಾ ಆಗಿದ್ದಾಗ ನಮ್ಮ ಕಾಕಾ ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದರು. ಹುಣ್ಣಿಮೆ ಬಂದರೆ ಗಾಣಗಾಪುರ, ಲಗ್ನದ ಸೀಜನ್‌ನಲ್ಲಿ ಬೀದರ್, ಹೈದರಾಬಾದ್. ಗಾಡಿ ನೋಡುತ್ತಿದ್ದವರು ಹುಮನಾಬಾದ್ ರೋಡ್ ಕಡೆಯ ಒಬ್ಬ ಉಸ್ತಾದ್. ಈಗ ಗ್ಯಾರೇಜ್ ಅವರ ಮಗನ ಕೈಯಲ್ಲಿದೆ. ಬೊಲೆರೋ, ಸ್ವಿಫ್ಟ್ ಬರುತ್ತವೆ, ಮಗ ಲ್ಯಾಪ್‌ಟಾಪ್ ಹಚ್ಚಿ ನೋಡ್ತಾನೆ. ಉಸ್ತಾದ್ ಹೊರಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿರುತ್ತಾರೆ. ಕಾಕಾ ನಂಬರ್ ಕೊಟ್ಟರು. ಇಲ್ಲಿ ಶನಿವಾರ ಬೆಳಿಗ್ಗೆ ಅಂದರೆ ಅಲ್ಲಿ ಊಟ ಮುಗಿದ ಹೊತ್ತು. ಬಿಸಿಲಿಗೆ ಗಿರಾಕಿನೂ ಕಮ್ಮಿ. ಪುರುಸೊತ್ತಾಗಿ ಮಾತಾಡ್ತಾರೆ.

ಮೊದಲ ಕಾಯಿಲೆ ಸೆಲ್ಫ್‌ದು, ಅಂದರೆ ಸ್ಟಾರ್ಟರ್ ಮೋಟರ್‌ದು. ಕೀಲಿ ತಿರುವಿದರೆ ಇಂಜಿನ್ ಒಲ್ಲೆ ಒಲ್ಲೆ ಅಂತ ತಿರುಗೋದು. ಈ ಗಾಡಿಯಲ್ಲಿ ಬ್ಯಾಟರಿ ಬಾನೆಟ್ ಒಳಗಿಲ್ಲ. ಸೀಟಿನ ಹಿಂದೆ, ನೆಲದ ಕೆಳಗೆ 6 ವೋಲ್ಟಿನ ಎರಡು ಬ್ಯಾಟರಿ ಜೋಡಿಸಿರುತ್ತಾರೆ. ಎರಡೂ ಹೊಸವು, ಚಾರ್ಜ್ ಫುಲ್. ಇಲ್ಲಿಯ ಗೆಳೆಯನೊಬ್ಬ ನೋಡಿದವನೇ ಸ್ಟಾರ್ಟರ್ ಮೋಟರ್ ಬದಲಿಸು ಅಂದ. ನಾನು ಉಸ್ತಾದ್‌ಗೆ ವಿಡಿಯೋ ಕಾಲ್ ಹಚ್ಚಿದೆ.

"ಗೋರಿ ಹೆಣ್ಣುಮಗಳಿಗೆ ಹೇಳು, ಸೆಲ್ಫ್ ಹೊಡೀಲಿ. ನೀ ಚೋಕ್ ವಯರ್ ಮ್ಯಾಲ ಕೈ ಇಡು," ಅಂದರು. ಬಿಳಿ ಹೆಂಗಸು ಯಾರೂ ಇಲ್ಲ ಉಸ್ತಾದ್, ನನ್ನ ಹೆಂಡತಿ ಜೇವರ್ಗಿಯವಳು ಅಂದೆ. ಅವಳು ನಗುತ್ತಲೇ ಕೀಲಿ ತಿರುವಿದಳು. ನನ್ನ ಬೆರಳು ಚುರ್ ಅಂತು. ಇನ್ನೊಮ್ಮೆ ಹೊಡೆದಾಗ ವಯರ್‌ನ ಕಪ್ಪು ಕವಚದಿಂದ ತೆಳ್ಳಗೆ ಹೊಗೆಯೇ ಬಂತು. ಚೋಕ್ ವಯರ್ ಅಂದರೆ ಡ್ಯಾಶ್‌ಬೋರ್ಡ್‌ನ ಗುಂಡಿಯಿಂದ ಕಾರ್ಬುರೇಟರ್‌ಗೆ ಹೋಗುವ ಬರೀ ಎಳೆಯುವ ತಂತಿ. ಅದಕ್ಕೂ ಕರೆಂಟಿಗೂ ಸಂಬಂಧವೇ ಇರಬಾರದು.

"ಅರ್ತ್ ಇಲ್ಲ ತಮ್ಮಾ ನಿನ್ನ ಗಾಡಿಗಿ. ಸೆಲ್ಫ್ ಮುಟ್ಟಬ್ಯಾಡ, ಅದು ಛಲೋ ಅದ."

ಸಂಗತಿ ಇಷ್ಟೇ. ಇಂಜಿನ್ನು, ಗೇರ್ ಬಾಕ್ಸು ರಬ್ಬರ್ ಮೇಲೆ ಕೂತಿರುತ್ತವೆ. ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಸೆಲ್ಫ್‌ಗೆ ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರೋಕೆ ಗೇರ್ ಬಾಕ್ಸಿನಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರಬೇಕು. ಹಿಂದಿನವರು ಯಾವಾಗಲೋ ಗೇರ್ ಬಾಕ್ಸ್ ಇಳಿಸಿದ್ದಾರೆ, ಏರಿಸುವಾಗ ಪಟ್ಟಿ ಮರೆತಿದ್ದಾರೆ. ಬೇರೆ ದಾರಿ ಇಲ್ಲದೆ ಅಷ್ಟೂ ಕರೆಂಟು ಚೋಕ್ ವಯರ್, ಎಕ್ಸಲೇಟರ್ ವಯರ್ ಹಿಡಿದು ಬರುತ್ತಿತ್ತು. ಪಟ್ಟಿ ಹಾಕಿದೆ, ಮುಟ್ಟುವ ಜಾಗವನ್ನ ತಗಡು ಹೊಳೆಯುವ ತನಕ ಕೆರೆದೆ. ಸೆಲ್ಫ್ ಗರ್ರನೆ ತಿರುಗಿತು.

ಮೀಟರ್ ಇದ್ದವರು ಇದನ್ನ ಬೆರಳು ಸುಡದೇ ನೋಡಬಹುದು. ಒಂದು ವಯರ್ ಇಂಜಿನ್ ಬ್ಲಾಕ್‌ಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ ಅಂತ ಲೆಕ್ಕ. ಊರಲ್ಲಿ ಇನ್ನೂ ಅಂಬಾಸಿಡರ್, ಪದ್ಮಿನಿ ಇಟ್ಟವರಿದ್ದಾರಲ್ಲ, ಸೆಲ್ಫ್ ಬಿಚ್ಚಿಸೋ ಮೊದಲು ಇದೊಂದು ನೋಡಿಬಿಡಿ. ಐದು ನಿಮಿಷದ ಕೆಲಸ.

ಎರಡನೇ ಕಾಯಿಲೆ ನಿಜಕ್ಕೂ ಸತಾಯಿಸಿತು. ಗಾಡಿ ತಣ್ಣಗಿದ್ದಾಗ ರಾಜನ ಹಾಗೆ ಓಡೋದು. ಒಂದಿಷ್ಟು ದೂರ ಹೋಗಿ ಕಾದ ಮೇಲೆ ಮಿಸ್ಸಿಂಗ್ ಶುರು. ಆಮೇಲೆ ಫಟ್ ಅಂತ ಬಂದ್. ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಇಂಥದ್ದರಲ್ಲಿ ತೊಂದರೆ ಏನಂದರೆ, ಮನೆಗೆ ತರುವಷ್ಟರಲ್ಲಿ ರೋಗ ಮಾಯವಾಗಿರುತ್ತೆ. ಗೆಳೆಯರು ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಮಾಡುವ ಕಾಯಿಲ್ ಅಂದರು, ಅದರ ಜೊತೆಗಾರ ಕಂಡೆನ್ಸರ್ ಅಂದರು, ಪೆಟ್ರೋಲ್ ಪೈಪಿನಲ್ಲೇ ಆವಿ ಆಗ್ತಿದೆ ಅಂದರು. ಉಸ್ತಾದ್ ಒಂದೇ ಮಾತು ಹೇಳಿದರು: "ನಿಂತ ಜಾಗದಾಗೇ ನೋಡು. ಆರಿದ ಮ್ಯಾಲ ನೋಡಿದ್ರ ಏನೂ ಸಿಗಂಗಿಲ್ಲ."

ಹಾಗಾಗಿ ಪಾನಾ, ಪಕ್ಕಡ, ಟೆಸ್ಟ್ ಲ್ಯಾಂಪ್ ಎಲ್ಲ ಡಿಕ್ಕಿಗೆ ಹಾಕ್ಕೊಂಡು, ಬೇಕಂತಲೇ ಬಂದ್ ಬೀಳಿಸೋಕೆ ಹೊರಟೆ. ಹಳ್ಳಿ ರಸ್ತೆಯ ಪಕ್ಕ, ಕುರಿ ಮೇಯುವ ಹೊಲದ ಹತ್ತಿರ ಗಾಡಿ ನಿಂತಿತು. ಫೋನ್ ಹಚ್ಚಿದೆ.

ಮೊದಲು ಪೆಟ್ರೋಲ್. ಟ್ಯಾಂಕಿನ ಮುಚ್ಚಳ ತೆಗಿ, ಸುಸ್ ಅಂತ ಗಾಳಿ ಎಳಕೊಳ್ತದೇನು ನೋಡು ಅಂದರು. ಎಳೆದರೆ ಟ್ಯಾಂಕಿನ ಉಸಿರು ಕಟ್ಟಿದೆ, ಪೆಟ್ರೋಲ್ ಮುಂದೆ ಬರ್ತಿಲ್ಲ ಅಂತ ಅರ್ಥ. ಏನೂ ಸದ್ದಿಲ್ಲ. ಕೀಲಿ ಆನ್ ಮಾಡು ಅಂದರು. ಇದರ ಪೆಟ್ರೋಲ್ ಪಂಪ್ ಕರೆಂಟಿಂದು, ಹಿಂದಿನ ಚಕ್ರದ ಕಡೆ ಕೂತಿರುತ್ತೆ. ಟಿಕ್ ಟಿಕ್ ಅಂತ ನಾಲ್ಕು ಸಲ ಬಡಿದು ಸುಮ್ಮನಾಯಿತು. ಕಾರ್ಬುರೇಟರ್ ತುಂಬಿದರೆ ಸುಮ್ಮನಾಗಬೇಕು. ಬಡೀತಾನೇ ಇದ್ದರೆ ಎಲ್ಲೋ ಗಾಳಿ ಎಳೀತಿದೆ, ಇಲ್ಲ ಸೋರ್ತಿದೆ. ಪಂಪಿಗೆ ಕರೆಂಟ್ ಬರ್ತಿದ್ದರೂ ಬಡಿಯದೇ ಇದ್ದರೆ ಪಂಪೇ ಹಟ ಹಿಡಿದಿದೆ. ಆಗ ಅದರ ತಲೆ ಮೇಲೆ ಮೆಲ್ಲಗೆ ಒಂದು ಏಟು ಕೊಡಬೇಕು, ಇದು ಇಲ್ಲಿಯವರೂ ಮಾಡುವ ಚಿಕಿತ್ಸೆ. ನಮ್ಮದಕ್ಕೆ ಏಟು ಬೇಕಾಗಲಿಲ್ಲ. ಪೆಟ್ರೋಲ್ ಪಾಸಾಯಿತು.

ಆಮೇಲೆ ಕರೆಂಟ್. ಕಾಯಿಲ್‌ನಿಂದ ಡೆಲ್ಕೋದ (ನಾಲ್ಕೂ ಪ್ಲಗ್ಗಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ನಡುವಿಗೆ ಬರುವ ದಪ್ಪ ವಯರ್ ಕಿತ್ತು, ರಬ್ಬರ್ ಹಿಡಿಯ ಪಕ್ಕಡದಿಂದ ಬ್ಲಾಕ್ ಹತ್ತಿರ ಹಿಡಿದು ಸೆಲ್ಫ್ ಹೊಡೆದರೆ ನೀಲಿ ಕಿಡಿ, ಚಟ್ ಚಟ್ ಅಂತ ದಪ್ಪಗೆ. ಅಂದರೆ ಕಾಯಿಲ್, ಅದರ ಕರೆಂಟನ್ನ ಕಡಿದು ಕೂಡಿಸುವ ಪಾಯಿಂಟ್, ಕಂಡೆನ್ಸರ್ ಮೂರೂ ನಿರಪರಾಧಿ. ವಯರ್ ವಾಪಸ್ ಹಾಕಿ ಪ್ಲಗ್ಗಿನ ತುದಿಯಲ್ಲಿ ನೋಡಿದರೆ ಕಿಡಿ ಇಲ್ಲವೇ ಇಲ್ಲ. ಕಾಯಿಲ್‌ನಿಂದ ಹೊರಟದ್ದು ಪ್ಲಗ್ ಮುಟ್ಟೋ ಮೊದಲೇ ನಡುವೆ ಕಳುವಾಗ್ತಿದೆ. ಪ್ಲಗ್ ವಯರ್ ಬಿಟ್ಟರೆ ನಡುವೆ ಇರೋದು ಎರಡೇ, ಡೆಲ್ಕೋದ ಮುಚ್ಚಳವಾದ ಕ್ಯಾಪು ಮತ್ತು ಅದರೊಳಗೆ ತಿರುಗುತ್ತ ಕಿಡಿ ಹಂಚುವ ರೋಟರ್.

"ಕ್ಯಾಪ್ ತೆಗಿ. ರೋಟರ್ ಹಂಗೇ ಇರ್ಲಿ. ಆ ದಪ್ಪ ವಯರ್ ರೋಟರಿನ ಹಿತ್ತಾಳಿ ಮ್ಯಾಲ ಹಿಡಿ, ಮುಟ್ಟಸಬ್ಯಾಡ. ಈಗ ಪಾಯಿಂಟ್ ತೆಗೆದು ಮುಚ್ಚು."

ಹಿತ್ತಾಳೆಯಿಂದ ಒಂದಿಷ್ಟು ಎತ್ತರದಲ್ಲಿ ವಯರ್ ಹಿಡಿದು, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಪಾಯಿಂಟ್ ತೆರೆದು ಮುಚ್ಚಿದೆ. ಕಿಡಿ ಹಾರಿತು. ಹಾರಬಾರದಿತ್ತು. ರೋಟರಿನ ಹಿತ್ತಾಳೆ ಕೆಳಗಿರೋದು ಕರೆಂಟ್ ಹರಿಯದ ಬೇಕಲೈಟ್, ಅದರೊಳಗೆ ಕಬ್ಬಿಣದ ಶಾಫ್ಟು. ಕ್ಯಾಪ್ ಇಲ್ಲದಾಗ ಕಿಡಿಗೆ ಹೋಗೋಕೆ ಜಾಗವೇ ಇಲ್ಲ. ಹಾರಿತು ಅಂದರೆ ರೋಟರ್ ಸೀಳಿಕೊಂಡು ಶಾಫ್ಟಿಗೆ ಇಳೀತಿದೆ. ಕಿತ್ತು ತಿರುಗಿಸಿ ನೋಡಿದರೆ ಹಿತ್ತಾಳೆ ತುಂಡನ್ನ ಹಿಡಿದ ರಿವೆಟ್ ಒಳಗಿನವರೆಗೂ ಇಳಿದಿದೆ. ರಿವೆಟ್ಟಿಗೂ ಶಾಫ್ಟಿಗೂ ನಡುವೆ ಹಪ್ಪಳದಷ್ಟು ತೆಳು ಪದರ. ಅಲ್ಲಿ ಸೂಜಿಮೊನೆಯಷ್ಟು ಕಪ್ಪು ಕಲೆ. ತಣ್ಣಗಿದ್ದಾಗ ತಡೀತಿತ್ತು, ಕಾದ ಮೇಲೆ ಬಿಟ್ಟುಕೊಡ್ತಿತ್ತು.

ಅದು ಹೊಚ್ಚ ಹೊಸ ರೋಟರ್. ಹಿಂದಿನ ಮಾಲೀಕರು ಹಾಕಿಸಿದ್ದು, ರಸೀತಿ ಕೂಡ ಫೈಲಿನಲ್ಲಿದೆ. ಅವರು ಕಿತ್ತಿಟ್ಟ ಹಳೇ ರೋಟರ್ ಬಿಸ್ಕೆಟ್ ಡಬ್ಬಿಯಲ್ಲಿ ಸಿಕ್ಕಿತು. ರಿವೆಟ್ ಇಲ್ಲದ್ದು. ತುದಿಯನ್ನ ಪಾಲಿಶ್ ಪೇಪರಿನಿಂದ ಉಜ್ಜಿ ಹಾಕಿದೆ. ಈಗಲೂ ಅದೇ ಓಡ್ತಿದೆ. "ಹೊಸದು ಅಂದ್ರ ಛಲೋದು ಅಂತ ಯಾರ್ ಹೇಳ್ಯಾರ ನಿಂಗ?" ಅಂತ ಉಸ್ತಾದ್ ಕೇಳಿದರು. ಹಳೇ ಗಾಡಿಗಳಿಗೆ ಈಗ ಬರುವ ಕಂಡೆನ್ಸರ್, ರೋಟರ್ ಬಗ್ಗೆ ಇಲ್ಲಿಯ ಹಳಬರದ್ದೂ ಇದೇ ಗೊಣಗಾಟ.

ಇಲ್ಲಿ ಒಂದು ಮಾತು. ಈ ದೇಶದಲ್ಲಿ ಎಂಜಿಬಿಗೆ ಸಿಗದ ಸಾಮಾನಿಲ್ಲ. ಪೂರ್ತಿ ಬಾಡಿಯೇ ಹೊಸದು ಸಿಗುತ್ತೆ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಹಳೇ ಅಚ್ಚುಗಳಲ್ಲೇ ಮಾಡ್ತಿದ್ದಾರೆ. ಸೌಕರ್ಯ ಒಳ್ಳೆಯದೇ. ಆದರೆ ಸಾಮಾನು ಸುಲಭಕ್ಕೆ ಸಿಕ್ಕರೆ ತಲೆ ಓಡಿಸೋದು ಕಮ್ಮಿಯಾಗುತ್ತೆ ಅಂತ ನನಗನ್ನಿಸುತ್ತೆ. ಕಾಯಿಲ್ ಇರಬಹುದಾ, ಬದಲಿಸು. ಹೋಗಲಿಲ್ವಾ, ಕಂಡೆನ್ಸರ್ ಬದಲಿಸು. ನಮ್ಮೂರಲ್ಲಿ ಒಂದು ಡೆಲ್ಕೋ ಕ್ಯಾಪ್ ಬೇಕಂದರೆ ಹೈದರಾಬಾದಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ಬಂದ ಮೇಲೆ ಅದಲ್ಲ ತಪ್ಪು ಅಂತಾದರೆ ಟ್ಯಾಕ್ಸಿ ಮಾಲೀಕ ಸುಮ್ನೆ ಬಿಡ್ತಿದ್ದನೇ? ಹೀಗಾಗಿ ಉಸ್ತಾದ್ ತರದವರು ಖಾತ್ರಿಯಾಗದೆ ಪಾನಾ ಎತ್ತೋದಿಲ್ಲ. ಎತ್ತಿದರೂ ಒಂದು ಸಲಕ್ಕೆ ಒಂದೇ ಸಾಮಾನು ಮುಟ್ಟೋದು. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ ಅಂತಾರೆ.

ಅವರಿಗೂ ಹೊಸದೆನಿಸಿದ್ದು ಜೋಡಿ ಕಾರ್ಬುರೇಟರ್. ಅವರು ಬಿಚ್ಚಿದ ಅಂಬಾಸಿಡರ್‌ಗಳಿಗೆಲ್ಲ ಒಂದೇ ಇತ್ತು. ಇದಕ್ಕೆ ಎಸ್‌ಯು ಕಂಪನಿಯ ಎರಡು, ಎರಡೂ ಸಮ ಉಸಿರಾಡಬೇಕು. ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ ಹಿಡಿದು ಸುಸ್ಸನ್ನೋ ಸದ್ದು ಹೋಲಿಸೋದು ಇಲ್ಲಿಯ ಹಳೇ ಪದ್ಧತಿ. ಅವರಿಗೂ ಕೇಳಿಸೋಣ ಅಂತ ಫೋನ್ ಹಿಡಿದೆ. ಏನೂ ಕೇಳ್ಲತ್ತಿಲ್ಲ ಅಂದರು. ಕಾಲ್‌ನಲ್ಲಿ ಫೋನು ಇಂಜಿನ್ ಸದ್ದನ್ನ ಗದ್ದಲ ಅಂತ ತಿಳಿದು ಅಳಿಸಿ ಹಾಕುತ್ತೆ. ವಿಡಿಯೋ ತೆಗೆದು ಕಳಿಸಿದರೆ ಸದ್ದು ಇದ್ದ ಹಾಗೇ ಹೋಗುತ್ತೆ. ಊರಿನ ಮಿಸ್ತ್ರಿಗೆ ದೂರದಿಂದ ಗಾಡಿ ತೋರಿಸೋರು ಇದನ್ನ ನೆನಪಿಡಿ. ವಿಡಿಯೋ ಕೇಳಿ, "ಹಿಂದಿಂದು ಜಾಸ್ತಿ ಎಳೀಲತ್ತದ" ಅಂದರು. ಸರಿಯಾಗೇ ಹೇಳಿದ್ದರು.

ಮಿಕ್ಸ್ಚರ್ (ಗಾಳಿಗೆ ಪೆಟ್ರೋಲ್ ಬೆರೆಯುವ ಪ್ರಮಾಣ) ನೋಡೋದನ್ನ ಮಾತ್ರ ನಾನು ಅವರಿಗೆ ಹೇಳಿಕೊಟ್ಟೆ, ಮ್ಯಾನ್ಯುಯಲ್ ಓದಿ. ಇಂಜಿನ್ ಕಾದಿರಬೇಕು. ಕಾರ್ಬುರೇಟರ್ ಪಕ್ಕದ ಸಣ್ಣ ಪಿನ್ ಒತ್ತಿ ಅದರೊಳಗಿನ ಪಿಸ್ಟನ್ನನ್ನ ಕೂದಲೆಳೆಯಷ್ಟು ಎತ್ತಬೇಕು. ಇಂಜಿನ್ ಓಟ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಬಿದ್ದು ಸಾಯೋ ಹಾಗಾದರೆ ಕಮ್ಮಿ. ಒಂದು ಚೂರು ಏರಿ ಮತ್ತೆ ಮೊದಲಿನ ಓಟಕ್ಕೆ ಬಂದರೆ ಸರಿ. ಪೆಟ್ರೋಲ್ ಬರುವ ಕೆಳಗಿನ ಜೆಟ್‌ನ ನಟ್ಟನ್ನ ಒಂದೊಂದೇ ಮುಖ ತಿರುಗಿಸುತ್ತ ಅಲ್ಲಿಗೆ ತರಬೇಕು. ಅವರು ಇದನ್ನ ಎರಡು ಸಲ ಕೇಳಿಸಿಕೊಂಡು, ಮಗನನ್ನ ಕರೆದು ಅವನಿಗೂ ಹೇಳಿಸಿದರು. ಅವನಿಗೆ ಇದರಿಂದ ಏನುಪಯೋಗ, ಪಾಪ.

ಪೆಟ್ರೋಲ್ ವಿಷಯ ಎರಡೂ ಕಡೆ ಒಂದೇ. ಇಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾದಾ ಪೆಟ್ರೋಲಿನಲ್ಲಿ ನೂರಕ್ಕೆ 10ರವರೆಗೆ ಎಥೆನಾಲ್. ಊರಲ್ಲಿ ಈಗ 20. ಬೀದರ್ ಕಡೆಯ ಕಬ್ಬು ಬೆಳೆಗಾರರಿಗೆ ಖುಷಿ ಇರಬಹುದು, ಹಳೇ ಗಾಡಿಯ ರಬ್ಬರ್ ಪೈಪಿಗಂತೂ ಇಲ್ಲ. ಬೆರಳಿಂದ ಒತ್ತಿದಾಗ ನನ್ನ ಗಾಡಿಯ ಹಳೇ ಪೈಪ್ ಒಳಗಿಂದ ಕರಿ ಪುಡಿ ಉದುರುತ್ತಿತ್ತು. ಅದೇ ಹೋಗಿ ಜೆಟ್‌ನಲ್ಲಿ ಕೂರೋದು. ಎಲ್ಲ ಕಿತ್ತು, ಎಥೆನಾಲ್ ತಾಳುವ ಆರ್9 ಪೈಪ್ ಹಾಕಿದೆ. ಇದಕ್ಕೆ ಉಸ್ತಾದ್ ಸಲಹೆ ಬೇಕಾಗಲಿಲ್ಲ.

ತುಕ್ಕಿನ ಕಥೆ ಬರೆಯಲ್ಲ, ಬರೆದರೆ ಮುಗಿಯಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ, ಅದು ಬಾಗಿಲ ಕೆಳಗಿನ ತಗಡನ್ನ ತಿಂದು ಹಾಕುತ್ತೆ. ಇಂಥ ಗಾಡಿ ಕೊಳ್ಳೋರಿಗೆ ಒಂದು ಉಪಾಯ: ಒಂದು ಪಕ್ಕ ಜಾಕ್ ಹಚ್ಚಿ ಎತ್ತಿ, ಬಾಗಿಲ ಸಂದಿ ನೋಡಿ. ಸಂದಿ ಕಿರಿದಾದರೆ, ಬಾಗಿಲು ಸಿಕ್ಕಿಕೊಂಡರೆ, ಬಣ್ಣ ಎಷ್ಟೇ ಹೊಳೀತಿರಲಿ ವಾಪಸ್ ಬನ್ನಿ. ಛಾಸಿ ಬೇರೆ ಇಲ್ಲದ ಗಾಡಿಗೆ ಆ ತಗಡೇ ಬೆನ್ನೆಲುಬು. ಕಲಬುರಗಿ ಬಿಸಿಲಿಗೆ ಡ್ಯಾಶ್‌ಬೋರ್ಡ್ ಸೀಳಿದರೂ ಈ ಕಾಟ ಕಮ್ಮಿ.

ಈಗ ಉಳಿದಿರೋದು ಓವರ್‌ಡ್ರೈವ್. ಮೂರನೇ, ನಾಲ್ಕನೇ ಗೇರಿನಲ್ಲಿ ಸ್ವಿಚ್ ಹಾಕಿದರೆ ಇಂಜಿನ್ ಓಟ ಇಳಿಯಬೇಕು, ಇಳೀತಿಲ್ಲ. ಅಂಬಾಸಿಡರ್‌ನಲ್ಲಿ ಇದು ಇರಲೇ ಇಲ್ಲ. ಹಾಗಾಗಿ ಉಸ್ತಾದ್‌ಗೆ ಗೊತ್ತಿಲ್ಲ ಅಂತ ನಾನಂದುಕೊಂಡರೆ, ಅವರು ವಯರಿಂಗ್ ನಕ್ಷೆ ಫೋಟೋ ತರಿಸಿಕೊಂಡರು. "ಮೊದಲ ಸ್ವಿಚ್ಚಿಗಿ ಕರೆಂಟ್ ಬರ್ಲತ್ತದೇನು ನೋಡು. ಆಮ್ಯಾಲ ಗೇರ್ ಬಾಕ್ಸ್ ಮ್ಯಾಲಿನ ಸ್ವಿಚ್. ಅಲ್ಲೀತನ ಬಂದ್ರ ಸೊಲಿನಾಯ್ಡ್. ಗೇರ್ ಬಾಕ್ಸ್ ಮಾತ್ರ ಇಳಸಬ್ಯಾಡ." ಸೊಲಿನಾಯ್ಡ್ ಅಂದರೆ ಓವರ್‌ಡ್ರೈವ್ ಹಾಕುವ ಕರೆಂಟಿನ ಅಯಸ್ಕಾಂತ. ಇದರಲ್ಲಿ ಗೇರ್ ಬಾಕ್ಸ್ ಇಳಿಸಬೇಕಂದರೆ ಇಂಜಿನ್ನೂ ಎತ್ತಬೇಕು. ಶನಿವಾರ ಟೆಸ್ಟ್ ಲ್ಯಾಂಪ್ ಹಿಡಿದು ಸ್ವಿಚ್ಚಿನಿಂದ ಶುರು ಮಾಡ್ತೀನಿ.