ಎಡ ತಿರುವಿನಲ್ಲಿ ಮಾತ್ರ

ಚಿಕ್ಕಮಗಳೂರಿನ ಹೊರವಲಯದ ಮಣ್ಣಿನ ಮೈದಾನದಲ್ಲಿ ನಡೆದ ಆಟೋಕ್ರಾಸ್‌ಗೆ (ಕೋನ್‌ಗಳಿಟ್ಟು ಗುರುತಿಸಿದ ತಿರುವುಗಳಲ್ಲಿ ಒಬ್ಬೊಬ್ಬರಾಗಿ ಕಾರು ಓಡಿಸಿ ಸಮಯ ಅಳೆಯುವ ಸ್ಪರ್ಧೆ) ನನ್ನ ಹಳೆಯ ಮಾರುತಿ ಎಸ್ಟೀಮ್ ಒಯ್ದಿದ್ದೆ. ಬಲಕ್ಕೆ ತಿರುಗುವಾಗ ಹೇಳಿದಂತೆ ಕೇಳುತ್ತಿದ್ದ ಕಾರು, ಬ್ರೇಕ್ ಹಿಡಿದು ಎಡಕ್ಕೆ ತಿರುಗಿಸಿದರೆ ಮಾತ್ರ ಸ್ಟೀರಿಂಗನ್ನು ಲೆಕ್ಕಿಸದೆ ನೇರವಾಗಿ ಕೋನ್‌ಗಳತ್ತ ಜಾರುತ್ತಿತ್ತು. ಬ್ರೇಕ್ ಬಿಟ್ಟೊಡನೆ ಮೂತಿ ತಟಕ್ಕನೆ ಒಳಕ್ಕೆ ಎಳೆಯುತ್ತಿತ್ತು.

ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಅಂಡರ್‌ಸ್ಟೀರ್, ಅಂದರೆ ಸ್ಟೀರಿಂಗ್ ತಿರುಗಿಸಿದಷ್ಟು ಮೂತಿ ತಿರುಗದಿರುವುದು, ಇದ್ದದ್ದೇ ಎಂದುಕೊಂಡ ನಾನು, ಹಿಂಬದಿಯ ಹಿಡಿತ ಕುಗ್ಗಿದರೆ ಬಾಲ ಹೊರಳಿ ಮೂತಿ ಒಳಬರುತ್ತದೆಂಬ ಲೆಕ್ಕದಲ್ಲಿ ಹಿಂದಿನ ಟೈರುಗಳ ಗಾಳಿಯನ್ನು 30ರಿಂದ 38 ಪಿಎಸ್‌ಐಗೆ ಏರಿಸಿದೆ. ಅದೇ ಉಸಿರಿನಲ್ಲಿ ಮುಂದಿನ ಟೈರುಗಳನ್ನೂ ಅದಲುಬದಲು ಮಾಡಿದೆ. ಕಾರು ತುಸು ಸುಧಾರಿಸಿತು. ಯಾವುದರಿಂದ ಎಂಬುದು ತಿಳಿಯದಂತೆ ನಾನೇ ಮಾಡಿಕೊಂಡಿದ್ದೆ. ಮರುದಿನ ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟ್ ಅಂಗಡಿಯ ಪರದೆಯಲ್ಲಿ ಅಂಕಿಗಳೆಲ್ಲ ಸರಿಯಾಗಿಯೇ ಕಂಡವು.

ಪರಿಚಯದ ಮೆಕ್ಯಾನಿಕ್ ಒಬ್ಬರ ಬಳಿ ಹೋಗುವ ಮುನ್ನ ಕಾರು ತೊಳೆಯಲು ಸಮಯವಾಗದಿದ್ದದ್ದೇ ಒಳ್ಳೆಯದಾಯಿತು. "ಇಲ್ನೋಡಿ ಸಾರ್" ಎಂದು ಅವರು ಬಲ ಮುಂಚಕ್ರದ ಗೂಡಿಗೆ ಟಾರ್ಚ್ ಹಿಡಿದರು. ಎಡಗಡೆ ಕೆಮ್ಮಣ್ಣು ದಪ್ಪಗೆ ಮೆತ್ತಿಕೊಂಡೇ ಇತ್ತು. ಬಲಗಡೆ ಗೂಡಿನ ಹಿಂಭಾಗದಲ್ಲಿ ಅಂಗೈಯಗಲದಷ್ಟು ಮಣ್ಣು ಉಜ್ಜಿಹೋಗಿ ಬಣ್ಣ ಹೊಳೆಯುತ್ತಿತ್ತು. ಚಕ್ರ ಹಿಂದಕ್ಕೆ ಸರಿದಲ್ಲದೆ ಅಲ್ಲಿಗೆ ತಾಗುವಂತಿರಲಿಲ್ಲ. ಅವರು ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ಲೋವರ್ ಆರ್ಮ್‌ಗೆ ಸಣ್ಣ ಹಾರೆ ಕೊಟ್ಟು ಮೀಟಿದಾಗ ಅದರ ಹಿಂದಿನ ಕೀಲಿನ ಮೆತ್ತೆಯಾದ ಬುಶ್‌ನ ರಬ್ಬರು ಬಾಯಿ ಬಿಟ್ಟಿತು.

ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಬದಿಗೆ ವಾಲುತ್ತದೆ, ಬ್ರೇಕ್ ಹಿಡಿದರೆ ಮುಂದಕ್ಕೂ ಬರುತ್ತದೆ; ಎರಡೂ ಕೂಡಿದಾಗ ಹೆಚ್ಚಿನ ಹೊರೆ ಬಲ ಮುಂಚಕ್ರದ ಮೇಲೆಯೇ. ಹರಿದ ಬುಶ್ ಆಗ ಆ ಚಕ್ರವನ್ನು ಹಿಂದಕ್ಕೆ ಬಿಟ್ಟುಕೊಡುತ್ತಿತ್ತು, ಬ್ರೇಕ್ ಬಿಟ್ಟರೆ ಅದು ಸ್ವಸ್ಥಾನಕ್ಕೆ ಮರಳುತ್ತಿತ್ತು. ಬಲ ತಿರುವಿನಲ್ಲಿ ಅದೇ ಚಕ್ರ ಹಗುರವಾಗಿರುವುದರಿಂದ ದೋಷ ಅಡಗಿ ಕುಳಿತಿತ್ತು. ಟೈರಿನ ಗಾಳಿಯೇ ಕಾರಣವಾಗಿದ್ದರೆ ಎರಡೂ ಕಡೆ ಕಾಡಬೇಕಿತ್ತಲ್ಲವೇ ಎಂಬ ಸರಳ ಪ್ರಶ್ನೆ ನನಗೆ ಹೊಳೆದದ್ದು, ನಾಚಿಕೆಯ ಮಾತು, ಆಮೇಲೆ.

ಎರಡೂ ಬದಿಯ ಬುಶ್‌ಗಳನ್ನು ಬದಲಿಸಿಕೊಂಡು ಮುಂದಿನ ಭಾನುವಾರ ಅದೇ ಮೈದಾನಕ್ಕೆ ಹೋದೆ. ಮೊದಲ ಎಡ ತಿರುವಿನಲ್ಲಿ ಮೂತಿ ಎಷ್ಟು ಚೊಕ್ಕವಾಗಿ ಒಳಬಂತೆಂದರೆ, ಬಾಲವೂ ಅದರ ಹಿಂದೆಯೇ ಸುತ್ತಿ ಬಂದು ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತು. ಹಿಂದಿನ ಟೈರುಗಳಲ್ಲಿ ಇನ್ನೂ 38 ಪಿಎಸ್‌ಐ ಗಾಳಿಯಿತ್ತು.